ದಿಮ್ಮಿಗೆ ಬಾರದ ಮರ, ಬಯಲಾದ ಆಕಾಶ

ಕೆನಡಾದ ವ್ಯಾಂಕೂವರ್ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ 1935ರ ಒಂದು ತೈಲಚಿತ್ರವಿದೆ. ಕಡಿದು ಬೋಳಾದ ನೆಲ. ಅದರ ನಡುವಿನಿಂದ ಎದ್ದು ನಿಂತ ಒಂದು ನೀಳ ಮರ. ಕಾಂಡದುದ್ದಕ್ಕೂ ಹೇಳಿಕೊಳ್ಳುವಂಥ ಕೊಂಬೆಯಿಲ್ಲ, ತುದಿಯಲ್ಲಿ ಮಾತ್ರ ಒಂದು ಹಿಡಿ ಹಸಿರು. ಆ ಹಸಿರಿನ ಸುತ್ತ ಆಕಾಶವು ಬೆಳಕಿನ ಅಲೆಅಲೆಯಾಗಿ ಹರಡಿಕೊಂಡಿದೆ. ಚಿತ್ರದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ದಿಮ್ಮಿಯಾಗಿ ತಿರಸ್ಕೃತ, ಆಕಾಶಕ್ಕೆ ಅಚ್ಚುಮೆಚ್ಚು’. ಶೀರ್ಷಿಕೆಯೇ ಸೂಚಿಸುವಂತೆ, ಮರ ಕಡಿಯಲು ಬಂದವರು ಅದನ್ನು ಉಳಿಸಿ ಹೋದದ್ದು ಕನಿಕರದಿಂದಲ್ಲ. ಸಾಮಿಲ್ಲಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯಿರಲಿಲ್ಲ, ಅಷ್ಟೆ. ಹಾಗೆ ಲೆಕ್ಕಕ್ಕೆ ಬಾರದೆ ಉಳಿದುದನ್ನೇ ಚಿತ್ರದ ಕೇಂದ್ರಕ್ಕೆ ತಂದವರು ಎಮಿಲಿ ಕಾರ್. ಆಗ ಆಕೆಗೆ 63 ವರ್ಷ.

ನಿಸರ್ಗಚಿತ್ರ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕ್ಯಾಲೆಂಡರಿನ ಬೆಟ್ಟ, ತೊರೆ, ಸಂಜೆಗೆಂಪಿನ ಕಡಲು. ಅಂಥ ಚಿತ್ರಗಳಲ್ಲಿ ಗರಗಸದ ಗುರುತೇ ಇರುವುದಿಲ್ಲ. ಚಿತ್ರಕಾರ ತನ್ನ ಮೂರುಕಾಲಿನ ಚೌಕಟ್ಟನ್ನು ಮರದ ಮೋಟುಗಳು ಕಾಣದ ದಿಕ್ಕಿಗೆ ತಿರುಗಿಸಿ ಇಟ್ಟುಕೊಂಡಿರುತ್ತಾನೆ. ಪರಿಸರದ ಬಗ್ಗೆ ಕಳಕಳಿಯಿರುವ ಕಲಾವಿದರೂ ಸಾಮಾನ್ಯವಾಗಿ ಮಾಡುವುದು ಇದನ್ನೇ. ಉಳಿದಿರುವ ಚೆಲುವನ್ನು ತೋರಿಸಿದರೆ ಜನರಿಗೆ ಅದನ್ನು ಉಳಿಸಿಕೊಳ್ಳುವ ಮನಸ್ಸಾದೀತು ಎಂಬ ನಂಬಿಕೆ ಅವರದು. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಾಡನ್ನು ಕುರಿತು ಚಿತ್ರಕಲೆ ಹೇಳಬಹುದಾದ ಅತ್ಯಂತ ಪ್ರಾಮಾಣಿಕವಾದ ಮಾತು ಕಡಿದ ಕಾಡಿನ ಕಡೆಗೆ ಮುಖಮಾಡಿದಾಗಲೇ ಹೊರಟಿತೆಂದು ನನಗೆ ತೋರುತ್ತದೆ. ಕೆನಡಾದ ಪಶ್ಚಿಮ ಕರಾವಳಿಯ ಕಥೆ ಇದಕ್ಕೆ ತಕ್ಕ ನಿದರ್ಶನ.

ಎಮಿಲಿ ಕಾರ್ ಹುಟ್ಟಿದ್ದು 1871ರ ಡಿಸೆಂಬರ್‌ನಲ್ಲಿ, ವ್ಯಾಂಕೂವರ್ ದ್ವೀಪದ ದಕ್ಷಿಣ ತುದಿಯಲ್ಲಿರುವ ವಿಕ್ಟೋರಿಯಾ ಪಟ್ಟಣದಲ್ಲಿ. ಬ್ರಿಟಿಷ್ ಕೊಲಂಬಿಯಾ ಕೆನಡಾ ಒಕ್ಕೂಟವನ್ನು ಸೇರಿದ್ದೂ ಅದೇ ವರ್ಷ. ಹದಿಹರೆಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿ ಚಿತ್ರಕಲೆ ಕಲಿಯಲು ಸ್ಯಾನ್‌ಫ್ರಾನ್ಸಿಸ್ಕೊಗೆ, ಬಳಿಕ ಇಂಗ್ಲೆಂಡಿಗೆ, 1910ರಲ್ಲಿ ಫ್ರಾನ್ಸಿಗೆ ಹೋದಳು. ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲತೀರದ ಸೇಂಟ್ ಐವ್ಸ್‌ನಲ್ಲಿದ್ದಾಗಿನ ಒಂದು ಪ್ರಸಂಗವನ್ನು ಆಕೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಗುರು ಜೂಲಿಯಸ್ ಓಲ್ಸನ್ ಕಡಲನ್ನು ಚಿತ್ರಿಸುವುದರಲ್ಲಿ ನಿಪುಣ. ಶಿಷ್ಯರೆಲ್ಲ ಬಿಸಿಲು ಹೊಳೆಯುವ ಮರಳಿನ ದಂಡೆಯಲ್ಲಿ ಕೂತು ಚಿತ್ರ ಬರೆಯಬೇಕೆಂಬುದು ಆತನ ಕಟ್ಟಪ್ಪಣೆ. ಆ ಬೆಳಕಿನ ಝಳಕ್ಕೆ ತಲೆನೋವು ಬಂದು ಎಮಿಲಿ ಊರ ಮೇಲಿನ ಟ್ರೆಗೆನ್ನಾ ಎಂಬ ತೋಪಿಗೆ ತಪ್ಪಿಸಿಕೊಂಡು ಹೋಗುತ್ತಿದ್ದರು. ನೆರಳಿನಲ್ಲಿಯೂ ಬೆಳಕಿದೆಯೆಂದು ಅಲ್ಲಿ ಆಕೆಗೆ ತೋರಿಸಿಕೊಟ್ಟವರು ಇನ್ನೊಬ್ಬ ಅಧ್ಯಾಪಕ, ಆಲ್ಜರ್ನನ್ ಟಾಲ್ಮೇಜ್. ಗುರುವಿನ ಗದರಿಕೆಗಿಂತ ಈ ಒಂದು ಪಾಠ ಆಕೆಗೆ ಕೊನೆಯವರೆಗೂ ಉಳಿಯಿತು.

ಏಕೆಂದರೆ ಆಕೆ ಹಿಂದಿರುಗಬೇಕಿದ್ದ ಕಾಡು ಇಂಗ್ಲಿಷ್ ನಿಸರ್ಗಚಿತ್ರದ ಯಾವ ಸೂತ್ರಕ್ಕೂ ಒಗ್ಗುವಂಥದಾಗಿರಲಿಲ್ಲ. ಜಲವರ್ಣದ ಆ ಹಳೆಯ ಪರಂಪರೆಗೆ ಒಂದಿಷ್ಟು ಮುನ್ನೆಲ, ನಡುವೆ ಒಂದು ಕೆರೆಯೋ ಹುಲ್ಲುಗಾವಲೋ, ದೂರದಲ್ಲಿ ನೀಲಿಬೆಟ್ಟ, ಅದರ ಮೇಲೊಂದು ಆಕಾಶ ಬೇಕು. ಪೆಸಿಫಿಕ್ ಕರಾವಳಿಯ ಮಳೆಕಾಡಿನಲ್ಲಿ ದೂರವೆಂಬುದೇ ಇಲ್ಲ. ಸೀಡರ್, ಹೆಮ್‌ಲಾಕ್, ಸ್ಪ್ರೂಸ್ ಮರಗಳ ಕಾಂಡಗಳು ಗೋಡೆಯಂತೆ ಎದುರು ನಿಲ್ಲುತ್ತವೆ. ಬಿದ್ದ ಮರಗಳ ಮೇಲೆ ಪಾಚಿ, ಪಾಚಿಯ ಮೇಲೆ ಸಸಿ. ಹತ್ತು ಹೆಜ್ಜೆಯಾಚೆ ಕಣ್ಣು ಹಾಯದು, ತಲೆಯೆತ್ತಿದರೆ ಆಕಾಶ ಕಾಣದು. ಆಗುಂಬೆಯ ಕಡೆ ಮಳೆಗಾಲದಲ್ಲಿ ನಡೆದಾಡಿದವರಿಗೆ ಆ ಮಬ್ಬು ಹಸಿರಿನ ಅಂದಾಜು ಇದ್ದೀತು. ಇಂಗ್ಲೆಂಡಿನಿಂದ ಬಂದವರು ಈ ಕಾಡನ್ನು ಚಿತ್ರಕ್ಕೆ ಒದಗದ ಏಕತಾನದ ಹಸಿರೆಂದು ತಳ್ಳಿಹಾಕಿದ್ದರಲ್ಲಿ ಆಶ್ಚರ್ಯವಿಲ್ಲ.

ಎಮಿಲಿಗೆ ಅದನ್ನು ಚಿತ್ರಿಸುವ ದಾರಿ ತಿಳಿಯಲು ಹತ್ತಿರ ಹತ್ತಿರ ಮೂವತ್ತು ವರ್ಷ ಹಿಡಿಯಿತು. 1907ರ ಅಲಾಸ್ಕಾ ಪ್ರವಾಸದ ನಂತರ ಆಕೆ ಮೊದಲು ಕೈಗೆತ್ತಿಕೊಂಡದ್ದು ಮೂಲನಿವಾಸಿಗಳ ಹಳ್ಳಿಗಳನ್ನು ಮತ್ತು ಅಲ್ಲಿನ ಕೆತ್ತನೆಯ ಕುಲಸ್ತಂಭಗಳನ್ನು. 1913ರಲ್ಲಿ ವ್ಯಾಂಕೂವರ್‌ನಲ್ಲಿ ಸುಮಾರು ಇನ್ನೂರು ಚಿತ್ರಗಳ ಪ್ರದರ್ಶನ ನಡೆಸಿದರೂ ಅವನ್ನು ಕೊಳ್ಳಲು ಪ್ರಾಂತ್ಯ ಸರ್ಕಾರ ಮುಂದೆ ಬರಲಿಲ್ಲ. ಮುಂದಿನ ಹದಿನೈದು ವರ್ಷ ಆಕೆ ಮನೆ ಬಾಡಿಗೆಗೆ ಕೊಟ್ಟು, ನಾಯಿ ಸಾಕಿ, ಮಣ್ಣಿನ ಪಾತ್ರೆ ಮಾಡಿ ಬದುಕಿದರು. ಕುಂಚ ಹಿಡಿದದ್ದು ಅಪರೂಪ. 1927ರಲ್ಲಿ ಒಟ್ಟಾವದ ರಾಷ್ಟ್ರೀಯ ಗ್ಯಾಲರಿ ಪಶ್ಚಿಮ ಕರಾವಳಿಯ ಕಲೆಯ ಪ್ರದರ್ಶನಕ್ಕೆ ಆಕೆಯನ್ನು ಕರೆದಾಗ, ‘ಗ್ರೂಪ್ ಆಫ್ ಸೆವೆನ್’ ಎಂದು ಹೆಸರಾದ ನಿಸರ್ಗಚಿತ್ರಕಾರರ ಬಳಗದ ಲಾರೆನ್ ಹ್ಯಾರಿಸ್‌ರ ಪರಿಚಯವಾಯಿತು. ಆಗ ಆಕೆಗೆ 55. ಇಂದು ನಾವು ಎಮಿಲಿ ಕಾರ್ ಎಂದು ಗುರುತಿಸುವ ಕಲಾವಿದೆಯ ಮುಖ್ಯ ಕೃತಿಗಳೆಲ್ಲ ಅಲ್ಲಿಂದ ಮುಂದಿನವು. ನಿವೃತ್ತಿಯ ವಯಸ್ಸಿನಲ್ಲಿ ಆರಂಭವಾದ ವೃತ್ತಿಜೀವನ!

ಆಕೆಯ ಕೆಲಸದ ಕ್ರಮವೂ ಬದಲಾಯಿತು. 1932ರ ಸುಮಾರಿಗೆ ಆಕೆ ಕ್ಯಾನ್ವಾಸ್‌ ಬದಿಗಿಟ್ಟು ಅಗ್ಗದ ಮನಿಲಾ ಕಾಗದವನ್ನು ಹಿಡಿದರು. ತೈಲವರ್ಣವನ್ನು ಪೆಟ್ರೋಲಿನಲ್ಲಿ ನೀರಾಗುವಷ್ಟು ಕದಡಿ ಬಳಸತೊಡಗಿದರು. ಬಣ್ಣ ಬೇಗ ಆರುತ್ತದೆ, ಕೈ ಓಡಿದಷ್ಟು ವೇಗವಾಗಿ ಗೆರೆ ಓಡುತ್ತದೆ, ಹಾಳಾದರೆ ನಷ್ಟ ಕಡಿಮೆ. ಬಡತನ ಕಲಿಸಿದ ಉಪಾಯ ಇದು. ಜಲವರ್ಣದ ಸಡಿಲವೂ ತೈಲದ ತೂಕವೂ ಕೂಡಿದ ಆ ಬೀಸುಗೆರೆಗಳು ಬೇರಾವ ರೀತಿಯಿಂದಲೂ ಬರುತ್ತಿರಲಿಲ್ಲ. ಕಾಗದ ಕಾಲಾನುಕ್ರಮದಲ್ಲಿ ಕಂದಿ ಹಳದಿಯಾಗಿದೆ. 1933ರಲ್ಲಿ ಹಳೆಯದೊಂದು ಕ್ಯಾರವಾನ್ ಕೊಂಡು ಅದಕ್ಕೆ ‘ಆನೆ’ ಎಂದು ಹೆಸರಿಟ್ಟರು. ಬೇಸಿಗೆ ಬಂದೊಡನೆ ಅದನ್ನು ಯಾರದಾದರೂ ವಾಹನಕ್ಕೆ ಕಟ್ಟಿಸಿ, ನಾಯಿಗಳು, ಒಂದು ಸಾಕಿದ ಇಲಿ, ವೂ ಎಂಬ ಮಂಗದೊಂದಿಗೆ ವಿಕ್ಟೋರಿಯಾದ ಹೊರವಲಯದಲ್ಲಿ ಬಿಡಾರ ಹೂಡುತ್ತಿದ್ದರು.

ಹೊರವಲಯ ಎಂಬ ಮಾತನ್ನು ಗಮನಿಸಬೇಕು. ಗೋಲ್ಡ್‌ಸ್ಟ್ರೀಮ್, ಲ್ಯಾಂಗ್‌ಫರ್ಡ್, ಮೆಟ್ಚೋಸಿನ್, ಎಸ್ಕ್ವಿಮಾಲ್ಟ್‌ನ ಹಿನ್ನೀರು — ಇವೆಲ್ಲ ಊರಿಗೆ ಕೆಲವೇ ಮೈಲಿಗಳ ದೂರದ ಜಾಗಗಳು. ಮೊದಲಿನ ಹೆಬ್ಬಂಡೆಯಂಥ ಮರಗಳು ಅಲ್ಲಿಂದ ಅಷ್ಟರಲ್ಲಾಗಲೇ ಬಹುಪಾಲು ಹೋಗಿದ್ದವು. 1880ರ ದಶಕದಲ್ಲಿ ಎಸ್ಕ್ವಿಮಾಲ್ಟ್–ನನೈಮೊ ರೈಲುಮಾರ್ಗ ಹಾಕಿದ್ದಕ್ಕೆ ಪ್ರತಿಯಾಗಿ ದ್ವೀಪದ ಪೂರ್ವಭಾಗದ ಸುಮಾರು 8 ಲಕ್ಷ ಹೆಕ್ಟೇರ್ ನೆಲವನ್ನು ಸರ್ಕಾರ ರೈಲು ಕಂಪನಿಗೆ ಧಾರೆಯೆರೆದಿತ್ತು. ನೆಲದ ಮೂಲ ಒಡೆಯರನ್ನು ಯಾರೂ ಕೇಳಲಿಲ್ಲ. ರೈಲಿನ ಹಿಂದೆಯೇ ಗರಗಸಗಳು ಬಂದವು. ಎಮಿಲಿಯ ‘ಕಾಡು’ ಹೀಗೆ ನಮ್ಮ ಮಲೆನಾಡಿನವರು ಕೂಪು ಎಂದು ಕರೆಯುವ ಕಡಿತದ ಜಾಗದ ಅಂಚು. ಮೋಟು, ಪೊದೆ, ಹೊಸದಾಗಿ ಚಿಗುರಿದ ಎಳೆಯ ಫರ್ ಸಸಿಗಳ ನೆಲ.

ಕಲಾವಿಮರ್ಶೆಯಲ್ಲಿ ಆಕೆಯ ಕೊನೆಯ ದಶಕದ ಚಿತ್ರಗಳ ಆಕಾಶವನ್ನು ಅಧ್ಯಾತ್ಮದ ಭಾಷೆಯಲ್ಲಿ ವಿವರಿಸುವ ವಾಡಿಕೆಯಿದೆ. ಹ್ಯಾರಿಸ್‌ರ ಥಿಯಾಸಫಿಯ ಪ್ರಭಾವ, ಎಲ್ಲದರಲ್ಲಿಯೂ ದೇವರನ್ನು ಕಾಣುವ ಆಕೆಯ ಹಂಬಲ, ಹೀಗೆ. ಇರಬಹುದು, ಆಕೆಯ ದಿನಚರಿಯಲ್ಲಿಯೇ ಅದಕ್ಕೆ ಆಧಾರವಿದೆ. ಆದರೆ ಇನ್ನೂ ಸರಳವಾದ ಒಂದು ಕಾರಣ ಕಣ್ಣೆದುರಿಗೇ ಇದೆ. 1931ರ ‘ಕೆಂಪು ಸೀಡರ್’ ಚಿತ್ರದಲ್ಲಿ ಕಣ್ಣು ತುಂಬುವುದು ಮರದ ಕಾಂಡವೇ. ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಆಕಾಶವು ಚಿತ್ರದ ಮುಕ್ಕಾಲು ಭಾಗವನ್ನು ತುಂಬಿಕೊಳ್ಳುತ್ತದೆ. ಆ ಆಕಾಶ ಎಲ್ಲಿಂದ ಬಂತು? ಮರ ಕಡಿದುದರಿಂದ ಬಂತು. ನೆತ್ತಿಯ ಚಪ್ಪರ ಇರುವವರೆಗೂ ಅಲ್ಲಿ ಚಿತ್ರಿಸಲು ಆಕಾಶವೇ ಇರಲಿಲ್ಲ. ನಾವು ಮೆಚ್ಚಿ ನೋಡುವ ಆ ಬೆಳಕಿನ ಅಲೆಗಳಿಗೆ ಕಿಂಡಿ ತೆರೆದುಕೊಟ್ಟದ್ದು ಗರಗಸ. ಎಮಿಲಿ ಇದನ್ನು ಮರೆಮಾಚಲಿಲ್ಲ. 1937ರ ‘ಜಲ್ಲಿಗುಂಡಿಯ ಮೇಲೆ’ ಎಂಬ ಚಿತ್ರದಲ್ಲಿ ಆಕಾಶ ಕುಣಿಯುತ್ತಿದ್ದರೆ ಅದರ ಕೆಳಗೆ ಅಗೆದ ಗುಂಡಿಯ ಹಳದಿ ಮಣ್ಣೂ, ಗುಡ್ಡದ ಮೇಲೆ ಚುಕ್ಕಿಯಂತೆ ಹರಡಿದ ಮೋಟುಗಳೂ ಇವೆ. ಒಂದನ್ನು ನೋಡಿ ಇನ್ನೊಂದನ್ನು ಬಿಡುವುದಕ್ಕೆ ಆಗದ ಹಾಗೆ ಆಕೆ ಅವೆರಡನ್ನೂ ಒಂದೇ ಬೀಸಿನಲ್ಲಿ ಬರೆದಿದ್ದಾರೆ.

ಮೋಟುಗಳ ಬಗ್ಗೆ ಆಕೆಗಿದ್ದ ತಿಳಿವಳಿಕೆ ಕಡಿಯುವವರಷ್ಟೇ ಖಚಿತವಾದದ್ದು. ಆ ಕರಾವಳಿಯ ಮರಗಳ ಬುಡ ಅಗಾಧವಾಗಿ ಅಗಲಿಸಿಕೊಂಡಿರುತ್ತದೆ. ಆದ್ದರಿಂದ ಕಡಿಯುವವರು ಕಾಂಡದಲ್ಲಿ ಆಳೆತ್ತರಕ್ಕೆ ಗೂಡು ಕೊರೆದು, ಅದರಲ್ಲಿ ಹಲಗೆ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಇಂದಿಗೂ ಅಲ್ಲಿನ ಹಳೆಯ ಮೋಟುಗಳಲ್ಲಿ ಆ ಗೂಡುಗಳು ಎರಡು ಕಣ್ಣುಗಳಂತೆ ಕಾಣುತ್ತವೆ. ಗರಗಸ ಪೂರ್ತಿ ಆಚೆ ಬರುವ ಮೊದಲೇ ಮರ ತನ್ನ ಭಾರಕ್ಕೆ ತಾನೇ ವಾಲುತ್ತದೆ. ಕೊಯ್ಯದೆ ಉಳಿದ ಪಟ್ಟಿಯಷ್ಟು ಮರ ಸಿಗಿದು ಸೀಳಾಗಿ ಮೋಟಿನ ಮೇಲೆ ನಿಲ್ಲುತ್ತದೆ. ಈ ಸೀಳುಗಳಿಗೆ ಎಮಿಲಿ ತಮ್ಮ ದಿನಚರಿಯಲ್ಲಿ ಚೀರಾಟ ಎಂಬರ್ಥದ ಒಂದು ಹೆಸರನ್ನೇ ಕೊಟ್ಟಿದ್ದಾರೆ. ಕಡಿದ ಕಾಡು ಆಕೆಗೆ ಶ್ಮಶಾನದಂತೆ ಕಂಡದ್ದುಂಟು. ಆದರೂ ಆಕೆ ಚಳವಳಿಗಾರ್ತಿಯಲ್ಲ. ಮರ ಕಡಿತದ ವಿರುದ್ಧ ಒಂದು ಸಂಘಟನೆ ಕಟ್ಟಿದವರೂ ಅಲ್ಲ. 1939ರ ‘ಅಳಿದುಳಿದದ್ದು’ ಚಿತ್ರವನ್ನು ನೋಡಿದರೆ ಮುಂದೆ ಮೋಟುಗಳ ಸಾಲು, ಹಿಂದೆ ಸಣಕಲು ಮರಗಳು, ಅವುಗಳ ನಡುವೆ ಮತ್ತೆ ಹಬ್ಬುತ್ತಿರುವ ಹಸಿರು. ಶೋಕದೊಂದಿಗೆ ಒಂದು ಬಗೆಯ ಸಂಭ್ರಮವೂ ಅಲ್ಲಿದೆ. ಪರಿಸರವಾದಿಗಳಿಗೆ ಈ ಸಂಭ್ರಮ ಕಸಿವಿಸಿ ತರಬಹುದು.

ಕಡಿಯುವವರನ್ನು ಖಳರಂತೆ ಕಾಣುವುದೂ ಸುಲಭವಲ್ಲ. ಆ ಕೆಲಸದಲ್ಲಿ ಕೈಕಾಲು ಕಳೆದುಕೊಂಡವರು, ಜೀವ ತೆತ್ತವರು ಅಸಂಖ್ಯ. ನಮ್ಮವರೂ ಅವರಲ್ಲಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನಿಂದ ಹೋದ ಸಿಖ್ಖರ ಅನ್ನದ ದಾರಿ ಬ್ರಿಟಿಷ್ ಕೊಲಂಬಿಯಾದ ಸಾಮಿಲ್ಲುಗಳೇ ಆಗಿದ್ದವು. ವಿಕ್ಟೋರಿಯಾದ ಉತ್ತರಕ್ಕೆ, ಡಂಕನ್ ಪಟ್ಟಣದ ಬಳಿ, ಮೇಯೊ ಸಿಂಗ್ ಎಂಬವರು ಕಟ್ಟಿದ ಮರದ ಮಿಲ್ಲಿನ ಊರಿಗೆ ಅವರ ಪಂಜಾಬಿನ ಹಳ್ಳಿಯ ಹೆಸರೇ ಬಂತು, ಪಾಲ್ಡಿ ಎಂದು. ಎಮಿಲಿ ಮೆಟ್ಚೋಸಿನ್‌ನಲ್ಲಿ ಮೋಟುಗಳನ್ನು ಬರೆಯುತ್ತಿದ್ದ ಕಾಲಕ್ಕೆ ಅಲ್ಲಿ ಗುರುದ್ವಾರವೂ ಮಿಲ್ಲೂ ಅಕ್ಕಪಕ್ಕದಲ್ಲಿದ್ದವು.

ಹಾಗಾದರೆ ಚಿತ್ರಕಾರ ಕಾಡನ್ನು ಉಳಿಸಬಲ್ಲನೆ? ನೇರವಾಗಿ ಉಳಿಸಿದ ಉದಾಹರಣೆ ಅದೇ ಕಾಲದ ಕೆನಡಾದಲ್ಲಿ, ದೇಶದ ಇನ್ನೊಂದು ಭಾಗದಲ್ಲಿದೆ. ಗ್ರೂಪ್ ಆಫ್ ಸೆವೆನ್‌ನ ಎ. ವೈ. ಜಾಕ್ಸನ್ ಒಂಟಾರಿಯೊ ಪ್ರಾಂತ್ಯದ ಕಿಲಾರ್ನಿ ಪ್ರದೇಶದ ಟ್ರೌಟ್ ಸರೋವರದ ದಡದಲ್ಲಿ ಮರ ಕಡಿಯಲಿದ್ದಾರೆಂದು ತಿಳಿದು 1931ರಲ್ಲಿ ಅರಣ್ಯ ಖಾತೆಯ ಸಚಿವರಿಗೆ ಪತ್ರ ಬರೆದರು. ಕಡಿತ ನಿಂತಿತು, ಸರೋವರಕ್ಕೆ ಒಂಟಾರಿಯೊ ಕಲಾವಿದರ ಸಂಘದ ಹೆಸರನ್ನಿಡಲಾಯಿತು, 1964ರಲ್ಲಿ ಆ ಪ್ರದೇಶ ಕಿಲಾರ್ನಿ ಉದ್ಯಾನವಾಯಿತು. ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಸಮೀಪದ ಸಡ್‌ಬರಿಯಲ್ಲಿ ನಿಕಲ್ ಅದಿರು ಕರಗಿಸುವ ಕುಲುಮೆಗಳ ಗಂಧಕದ ಹೊಗೆ ಆಮ್ಲಮಳೆಯಾಗಿ ಸುರಿದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೆ ಆ ಸರೋವರದ ಮೀನುಗಳು ಇಲ್ಲವಾದವು. ವಿಚಿತ್ರವೆಂದರೆ ಜೀವಾಣುಗಳು ಕಡಿಮೆಯಾದ ನೀರು ಹಿಂದಿಗಿಂತ ತಿಳಿಯಾಗಿ, ಹೆಚ್ಚು ನೀಲಿಯಾಗಿ ಹೊಳೆಯತೊಡಗಿತು. ಚಿತ್ರಕಾರನ ಕಣ್ಣಿಗೆ ಅದಕ್ಕಿಂತ ಚೆಲುವಾದ ನೀರು ಸಿಕ್ಕುವುದು ಕಷ್ಟ. ಚೆಲುವನ್ನು ಆರೋಗ್ಯದ ಗುರುತಾಗಿ ತಿಳಿಯುವ ನಿಸರ್ಗಚಿತ್ರದ ದೌರ್ಬಲ್ಯವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ನನಗೆ ತಿಳಿದಿಲ್ಲ.

ಎಮಿಲಿ ತೀರಿಕೊಂಡದ್ದು 1945ರ ಮಾರ್ಚ್‌ನಲ್ಲಿ. ನಾಲ್ಕು ದಶಕಗಳ ನಂತರ, ಆಕೆಯ ದ್ವೀಪದಲ್ಲಿಯೇ, ಕಲಾವಿದರು ಗುಂಪಾಗಿ ಕಾಡಿಗೆ ನಡೆದರು. ದ್ವೀಪದ ನೈರುತ್ಯ ಕರಾವಳಿಯ ಕಾರ್ಮಾನಾ ಕಣಿವೆಯಲ್ಲಿ 1988ರಲ್ಲಿ ಸುಮಾರು 95 ಮೀಟರ್ ಎತ್ತರದ ಸಿಟ್ಕಾ ಸ್ಪ್ರೂಸ್ ಮರವೊಂದು ಪತ್ತೆಯಾಯಿತು. ಬೆಂಗಳೂರಿನ ಮೂವತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರ. ಕಣಿವೆಯಲ್ಲಿ ಮರ ಕಡಿಯುವ ಪರವಾನಗಿ ಮ್ಯಾಕ್‌ಮಿಲನ್ ಬ್ಲೊಡೆಲ್ ಎಂಬ ಬೃಹತ್ ಕಂಪನಿಯ ಕೈಯಲ್ಲಿತ್ತು. ವೆಸ್ಟರ್ನ್ ಕೆನಡಾ ವೈಲ್ಡರ್‌ನೆಸ್ ಕಮಿಟಿ ಎಂಬ ಸಂಘಟನೆ ಸ್ವಯಂಸೇವಕರಿಂದ ಕಾಲುದಾರಿ ಕಟ್ಟಿಸಿ, 1989ರಲ್ಲಿ ಹತ್ತಾರು ಕಲಾವಿದರನ್ನು ಅಲ್ಲಿಗೆ ಕರೆದೊಯ್ದಿತು. ಜಾಕ್ ಶಾಡ್‌ಬೋಲ್ಟ್, ಟೋನಿ ಆನ್ಲಿ, ರಾಬರ್ಟ್ ಬೇಟ್‌ಮನ್‌ರಂಥ ಹೆಸರಾಂತರು ಅವರಲ್ಲಿದ್ದರು. ಚಿತ್ರಗಳು ಪುಸ್ತಕವಾಗಿ ಬಂದವು. ಕಾರ್ಮಾನಾವನ್ನು ಎಂದೂ ನೋಡದ ನಗರವಾಸಿಗಳ ಕೈಗೆ ಕಣಿವೆ ಹೀಗೆ ತಲುಪಿತು. ಅವುಗಳಲ್ಲಿ ಬಹಳಷ್ಟು ಚಿತ್ರಗಳು ಹಸಿರಿನ ಸ್ತೋತ್ರಗಳೇ. ವನ್ಯಜೀವಿ ಚಿತ್ರಗಳಿಂದ ಜನಪ್ರಿಯರಾದ ಬೇಟ್‌ಮನ್ ಮಾತ್ರ ಒಂದು ಚಿತ್ರದಲ್ಲಿ ಕಡಿದು ಬಿಸಾಡಿದ ಬೂದು ಇಳಿಜಾರನ್ನೂ ನಿಂತ ಮರಗಳನ್ನೂ ಒಟ್ಟಿಗೆ ಇಟ್ಟರು. ಎಮಿಲಿಯ ಪಾಠ ಅವರಿಗೆ ತಿಳಿದಿತ್ತೆನ್ನಬೇಕು.

1990ರಲ್ಲಿ ಸರ್ಕಾರ ಕಣಿವೆಯ ಕೆಳಭಾಗವನ್ನು ಉದ್ಯಾನವೆಂದು ಘೋಷಿಸಿ, ಮೇಲ್ಭಾಗವನ್ನು ಕಂಪನಿಗೇ ಬಿಟ್ಟಿತು. ಒಂದೇ ಹೊಳೆ, ಒಂದೇ ಕಣಿವೆ. ಮೇಲೆ ಕಡಿದರೆ ಕೆಳಗೆ ಮಣ್ಣು ಕೊಚ್ಚಿ ಬರುತ್ತದೆಂಬುದು ಕಾಡಂಚಿನ ಯಾವ ರೈತನಿಗೂ ತಿಳಿದ ವಿಷಯ. ಮತ್ತೆ ಹೋರಾಟ ನಡೆದು 1995ರಲ್ಲಿ ಮೇಲ್ಭಾಗವೂ ಪಕ್ಕದ ವಾಲ್‌ಬ್ರಾನ್ ಕಣಿವೆಯ ಒಂದು ಪಾಲೂ ಸೇರಿ ಉದ್ಯಾನ 16 ಸಾವಿರ ಹೆಕ್ಟೇರಿಗೆ ಹಿಗ್ಗಿತು. ಇದು ಚಿತ್ರಗಳಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ಕಾಲುದಾರಿ, ಕಾನೂನು, ಚುನಾವಣೆ, ಪತ್ರಿಕೆ ಎಲ್ಲವೂ ಅದರಲ್ಲಿದ್ದವು. ಆದರೆ ಅರಣ್ಯೋದ್ಯಮ ‘ಮುಪ್ಪಿನ ಕಾಡು’ ಎಂದು ಕರೆಯುತ್ತಿದ್ದ ಜಾಗವನ್ನು ಜನ ಬೇರೆ ಕಣ್ಣಿನಿಂದ ನೋಡುವಂತಾಗಿದ್ದರೆ ಅದರ ಹಿಂದೆ ಅರವತ್ತು ವರ್ಷ ಹಿಂದಿನ ಆ ಮನಿಲಾ ಕಾಗದಗಳಿದ್ದವು.

ಈ ಎಲ್ಲ ಚಿತ್ರಗಳಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಮನುಷ್ಯರಿಲ್ಲ. ಎಮಿಲಿ ತಮ್ಮ ಕಾಲದ ಬಿಳಿಯರೆಲ್ಲರಂತೆ ಮೂಲನಿವಾಸಿಗಳ ಸಂಸ್ಕೃತಿ ಅಳಿಯುತ್ತಿದೆಯೆಂದು ನಂಬಿದ್ದರು. 1862ರ ಸಿಡುಬಿನ ಮಾರಿಗೆ ಹಳ್ಳಿಗಳು ಬರಿದಾಗಿದ್ದುದೂ, ಅವರ ಪಾಟ್ಲಾಚ್ ಸಮಾರಂಭಗಳನ್ನು 1885ರಿಂದ 1951ರವರೆಗೆ ಕಾನೂನೇ ನಿಷೇಧಿಸಿದ್ದುದೂ ನಿಜ. ಆದರೆ ಅವರು ಅಳಿಯಲಿಲ್ಲ. 1929ರ ಆಕೆಯ ಪ್ರಸಿದ್ಧ ಚಿತ್ರವೊಂದರಲ್ಲಿ ಹಸಿರು ಕಾಡಿನ ಅಲೆಗಳ ನಡುವೆ ಪುಟ್ಟ ಬಿಳಿಯ ಚರ್ಚು ಒಂಟಿಯಾಗಿ ನಿಂತಿದೆ. ವಾಸ್ತವದಲ್ಲಿ ಆ ಚರ್ಚಿನ ಸುತ್ತ ಮನೆಗಳಿದ್ದವು. ಚಿತ್ರಕ್ಕಾಗಿ ಆಕೆ ಅವನ್ನು ಅಳಿಸಿದರು. ‘ಇಂಡಿಯನ್ ಚರ್ಚ್’ ಎಂದಿದ್ದ ಆ ಚಿತ್ರದ ಹೆಸರನ್ನು ಟೊರಾಂಟೊದ ಗ್ಯಾಲರಿ 2018ರಲ್ಲಿ ‘ಯುಕ್ವಾಟ್ ಹಳ್ಳಿಯ ಚರ್ಚ್’ ಎಂದು ಬದಲಿಸಿತು. ಹೆಸರಿಗೆ ಹಳ್ಳಿ ಮರಳಿತು, ಚಿತ್ರಕ್ಕೆ ಮನೆಗಳು ಮರಳಲಾರವು.

ಕಾಡಿನವರು ತಾವೇ ಕುಂಚ ಮತ್ತು ಉಳಿ ಹಿಡಿದಾಗ ಮಾತಿನ ಧಾಟಿಯೇ ಬದಲಾಯಿತು. ಹೈಡಾ ಜನಾಂಗದ ಮಹಾಶಿಲ್ಪಿ ಬಿಲ್ ರೀಡ್ ವಾಷಿಂಗ್ಟನ್ನಿನ ಕೆನಡಾ ರಾಯಭಾರ ಕಚೇರಿಗಾಗಿ ದೊಡ್ಡದೊಂದು ದೋಣಿಯ ಶಿಲ್ಪವನ್ನು ಮಾಡುತ್ತಿದ್ದರು. ತಮ್ಮ ದ್ವೀಪಗಳ ಕಾಡನ್ನು ಕಡಿಯುವುದು ನಿಲ್ಲದ್ದನ್ನು ಪ್ರತಿಭಟಿಸಿ 1987ರಲ್ಲಿ ಆ ಕೆಲಸವನ್ನು ನಿಲ್ಲಿಸಿಬಿಟ್ಟರು. ತಮ್ಮ ನೆಲವನ್ನು ಬೋಳುಮಾಡುವ ಸರ್ಕಾರದ ಅಂಗಳಕ್ಕೆ ತಾವು ಅಲಂಕಾರ ಒದಗಿಸುವುದಿಲ್ಲವೆಂಬ ನಿಲುವು ಅದು. ಅದೇ ವರ್ಷ ದ್ವೀಪಸಮೂಹದ ದಕ್ಷಿಣ ಭಾಗವನ್ನು ರಕ್ಷಿಸುವ ಒಪ್ಪಂದವಾಯಿತು. ಶಿಲ್ಪ 1991ರಲ್ಲಿ ಸ್ಥಾಪನೆಯಾಯಿತು. ಚಿತ್ರ ಬರೆಯುವುದರಷ್ಟೇ ಬರೆಯದಿರುವುದೂ ಕಲಾವಿದನ ಕೈಯಲ್ಲಿರುವ ಶಕ್ತಿ.

1991ರಲ್ಲಿಯೇ ಕೋಸ್ಟ್ ಸೇಲಿಷ್ ಮೂಲದ ಲಾರೆನ್ಸ್ ಪಾಲ್ ಯುಕ್ಸ್‌ವೆಲುಪ್ಟನ್ ಬರೆದ ಚಿತ್ರವೊಂದು ಈಗ ಒಟ್ಟಾವದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ‘ಸುಟ್ಟ ನೆಲ, ಮೂಲನಿವಾಸಿಗಳ ಸಾರ್ವಭೌಮ ನೆಲದಲ್ಲಿ ಸಂಪೂರ್ಣ ಕಡಿತ, ಸರಿಪಡಿಸಲು ಬರುತ್ತಿರುವ ಶಾಮನ್’ ಎಂಬ ಉದ್ದದ ಹೆಸರು ಪೊಲೀಸ್ ಠಾಣೆಗೆ ಕೊಟ್ಟ ದೂರಿನಂತಿದೆ. ಕರಾವಳಿಯ ಸಾಂಪ್ರದಾಯಿಕ ಕೆತ್ತನೆಯ ಅಂಡಾಕಾರಗಳಿಂದಲೇ ಅಲ್ಲಿ ಬೆಟ್ಟವೂ ಮರವೂ ಮೂಡಿವೆ. ಎಮಿಲಿಯ ಶೀರ್ಷಿಕೆಯಲ್ಲಿ ಮರಕ್ಕೆ ಇಬ್ಬರು ಹಕ್ಕುದಾರರಿದ್ದರು, ದಿಮ್ಮಿಯ ವ್ಯಾಪಾರಿ ಮತ್ತು ಆಕಾಶ. ಯುಕ್ಸ್‌ವೆಲುಪ್ಟನ್‌ರ ಶೀರ್ಷಿಕೆ ಮೂರನೆಯವರ ಹೆಸರಿನಲ್ಲಿ ಖಾತೆ ಬದಲಿಸಲು ಹಾಕಿದ ಅರ್ಜಿ.

ಆ ಖಾತೆಯ ಪ್ರಶ್ನೆ ಒಂದೆಡೆ ಬಗೆಹರಿದಿದೆ, ಇನ್ನೊಂದೆಡೆ ಇಲ್ಲ. 2024ರಲ್ಲಿ ಬ್ರಿಟಿಷ್ ಕೊಲಂಬಿಯಾ ಸರ್ಕಾರ ಹೈಡಾ ಗ್ವಾಯ್ ದ್ವೀಪಗಳ ನೆಲದ ಮೇಲೆ ಹೈಡಾ ಜನರ ಹಕ್ಕನ್ನು ಒಪ್ಪಂದದ ಮೂಲಕ ಮಾನ್ಯ ಮಾಡಿತು. ವ್ಯಾಂಕೂವರ್ ದ್ವೀಪದಲ್ಲಿ, ಕಾರ್ಮಾನಾದಿಂದ ಹೆಚ್ಚು ದೂರವಿಲ್ಲದ ಫೇರಿ ಕ್ರೀಕ್ ಕಣಿವೆಯ ಬಳಿ, 2020ರಲ್ಲಿ ಆರಂಭವಾದ ತಡೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಅಲ್ಲಿನ ಪಾಚಿಡಾಟ್ ಜನರ ಚುನಾಯಿತ ನಾಯಕತ್ವಕ್ಕೆ ಮರದ ಆದಾಯದಲ್ಲಿ ಪಾಲಿದೆ. ಹೊರಗಿನ ಹೋರಾಟಗಾರರು ಹಿಂದಿರುಗಬೇಕೆಂದು ಅದು ಕೇಳಿಕೊಂಡಿತು. ಅದೇ ಜನಾಂಗದ ಹಿರಿಯರೊಬ್ಬರು ಹೋರಾಟಗಾರರ ಜೊತೆ ನಿಂತರು. 2021ರ ಜೂನ್‌ನಲ್ಲಿ ಸರ್ಕಾರ ಕಡಿತವನ್ನು ಎರಡು ವರ್ಷ ಮುಂದೂಡಿತು, ಬಳಿಕ ಆ ಗಡುವನ್ನು ಮತ್ತೆ ವಿಸ್ತರಿಸಿತು.